ಗುಡ್ಡಕ್ಕೂ ಕ್ಯಾಮೆರಾಕ್ಕೂ ನಡುವಿನ ಗಾಳಿ

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀವು ಕಳಿಸಿದ್ದ ಚಿತ್ರಗಳನ್ನೆಲ್ಲ ನೋಡಿದೆ. ಹೆಚ್ಚಿನವು ಮಳೆಗಾಲದವು. ಕುದುರೆಮುಖ, ಬಾಬಾಬುಡನ್‌ಗಿರಿ, ಆಗುಂಬೆ, ಸಕಲೇಶಪುರದ ಕಡೆಯ ಗುಡ್ಡಗಳು. ಎಲ್ಲಿ ನಿಲ್ಲಬೇಕು, ಚೌಕಟ್ಟಿನಲ್ಲಿ ಏನಿರಬೇಕು ಅನ್ನುವುದು ನಿಮಗೆ ಚೆನ್ನಾಗಿ ಗೊತ್ತಿದೆ. ಆದರೆ ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದರೆ ಊರು ಬೇರೆ, ಹಸಿರು ಮಾತ್ರ ಒಂದೇ. ಆಗುಂಬೆಯ ಕಾಡಿಗೂ ಕುದುರೆಮುಖದ ಹುಲ್ಲಿಗೂ ಒಂದೇ ಬಣ್ಣ. ಜೂನ್ ತಿಂಗಳ ಎಳೆ ಹುಲ್ಲು, ಸೆಪ್ಟೆಂಬರಿನ ಬಲಿತ ಹುಲ್ಲು, ಎರಡಕ್ಕೂ ಅದೇ ಬಣ್ಣ. ಇದನ್ನು ಕ್ಯಾಮೆರಾ ಮಾಡಿದ್ದಲ್ಲ, ಎಡಿಟಿಂಗ್‌ನಲ್ಲಿ ಆಗಿದ್ದು.

ಹಾಗಾಗಿ ಇವತ್ತು ಒಂದೇ ವಿಷಯ ಹೇಳುತ್ತೇನೆ. ನಮಗೂ ಗುಡ್ಡಕ್ಕೂ ನಡುವೆ ಗಾಳಿ ಇದೆ. ಅದರಲ್ಲಿ ನೀರಿನ ಕಣ ಇದೆ, ಧೂಳಿದೆ, ಬೆಳಕಿದೆ. ಆ ದಿನ ಚಳಿ ಇತ್ತಾ, ಮಳೆ ನಿಂತು ಎಷ್ಟು ಹೊತ್ತಾಗಿತ್ತು, ಬಿಸಿಲು ಏರುತ್ತಿತ್ತಾ ಇಳಿಯುತ್ತಿತ್ತಾ ಅಂತ ನೋಡುವವರಿಗೆ ಹೇಳುವುದು ಆ ಗಾಳಿಯೇ. ಚಿತ್ರದ ಭಾವ ಅಂತ ನಾವು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಎಡಿಟ್ ಮಾಡುವಾಗ ಬೇರೆ ಏನನ್ನೇ ಬದಲಿಸಿ, ಗಾಳಿಯನ್ನು ಕೆಡಿಸಬೇಡಿ.

ಮೊದಲು ಒಂದು ಅನುಮಾನ ಪರಿಹರಿಸೋಣ. ಪ್ರತಿ ಸಭೆಯಲ್ಲೂ ಯಾರಾದರೂ ಕೇಳುತ್ತಾರೆ, ಎಡಿಟ್ ಮಾಡಿದರೆ ಅದು ಸುಳ್ಳಾಗುತ್ತದೆ ಅಲ್ವಾ ಅಂತ. ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಕಾಣುವುದಿಲ್ಲ, ಬೆಳಕು ಎಷ್ಟು ಬಿತ್ತು ಅನ್ನುವುದಷ್ಟೇ ಗೊತ್ತಾಗುತ್ತದೆ. ಅದರ ಮೇಲೆ ಕೆಂಪು, ಹಸಿರು, ನೀಲಿ ಗಾಜಿನ ಚೌಕಗಳಂಥ ಪುಟ್ಟ ಫಿಲ್ಟರ್‌ಗಳಿರುತ್ತವೆ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಬಹುಪಾಲು ಕ್ಯಾಮೆರಾಗಳು, ಫೋನುಗಳು ಅದೇ ದಾರಿಯಲ್ಲಿವೆ. ಪ್ರತಿ ಚುಕ್ಕೆಯಲ್ಲೂ ಕಾಣೆಯಾದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಲೆಕ್ಕ ಹಾಕಿ ತುಂಬಿಸುತ್ತಾರೆ. ನೀವು ಏನೂ ಮಾಡದೆ ಬಿಟ್ಟರೂ ಕ್ಯಾಮೆರಾ ಒಳಗೇ ಒಂದು ಎಡಿಟ್ ಆಗಿರುತ್ತದೆ. ಅದನ್ನು ಕಂಪನಿಯ ಎಂಜಿನಿಯರ್ ತೀರ್ಮಾನಿಸಿರುತ್ತಾರೆ ಅಷ್ಟೇ. ಅವರು ಆವತ್ತು ಗುಡ್ಡದ ಮೇಲೆ ಇರಲಿಲ್ಲ, ನೀವು ಇದ್ದಿರಿ.

ಫಿಲ್ಮ್ ಕಾಲದಲ್ಲೂ ಹೀಗೇ ಇತ್ತು. 1990ರಲ್ಲಿ ಫ್ಯೂಜಿ ಕಂಪನಿ ವೆಲ್ವಿಯಾ ಅನ್ನುವ ಫಿಲ್ಮ್ ತಂದಾಗ ನಿಸರ್ಗ ಛಾಯಾಗ್ರಾಹಕರು ಅದಕ್ಕೆ ಮುಗಿಬಿದ್ದರು. ಅದರಲ್ಲಿ ಹಸಿರು, ಕೆಂಪು ಗಾಢವಾಗಿ ಬರುತ್ತಿದ್ದವು. ಅಂಗಡಿಯಲ್ಲಿ ಆ ರೋಲ್ ಕೊಂಡಾಗಲೇ ಬಣ್ಣದ ತೀರ್ಮಾನ ಆಗಿಬಿಡುತ್ತಿತ್ತು. ಕಪ್ಪು ಬಿಳುಪಿನ ಉದಾಹರಣೆ ಬೇಕಿದ್ದರೆ ಅನ್ಸೆಲ್ ಆಡಮ್ಸ್ ಇದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಅನ್ನುವ ಹಳ್ಳಿಯಲ್ಲಿ 1941ರಲ್ಲಿ ಅವರು ತೆಗೆದ ಚಂದ್ರೋದಯದ ಚಿತ್ರ ನೀವೆಲ್ಲ ನೋಡಿರುತ್ತೀರಿ. ಮೊದಮೊದಲ ಪ್ರಿಂಟ್‌ಗಳಲ್ಲಿ ಆಕಾಶ ಬೂದು, ಅದರಲ್ಲಿ ತೆಳು ಮೋಡಗಳೂ ಕಾಣುತ್ತವೆ. ವರ್ಷ ಕಳೆದಂತೆ ಅವರು ಆಕಾಶವನ್ನು ಕಪ್ಪಾಗಿಸುತ್ತಾ ಹೋದರು. ನೆಗೆಟಿವ್ ಅದೇ, ಮನುಷ್ಯ ಅವನೇ, ಚಿತ್ರದ ಭಾವ ಮಾತ್ರ ಬೇರೆ. ಯಾರೂ ಅದನ್ನು ಸುಳ್ಳು ಅನ್ನಲಿಲ್ಲ.

ಈಗ ಕೆಲಸಕ್ಕೆ ಬರೋಣ. ಪರದೆಯ ಮೇಲಿರುವುದು ಜುಲೈ ತಿಂಗಳ ಬೆಳಗ್ಗೆ ಬಾಬಾಬುಡನ್‌ಗಿರಿ ಸಾಲಿನಲ್ಲಿ ತೆಗೆದ ಚಿತ್ರ. ಮುಂದೆ ಇಳಿಜಾರಿನ ಹುಲ್ಲು. ನಡುವಿನ ಕಣಿವೆಯಲ್ಲಿ ಶೋಲಾ ಕಾಡು, ಅಂದರೆ ಹುಲ್ಲುಗುಡ್ಡಗಳ ಮಡಿಲಲ್ಲಿ ಬೆಳೆಯುವ ದಟ್ಟ ಕಾಡು. ಅದರಾಚೆ ಒಂದರ ಹಿಂದೊಂದು ಗುಡ್ಡದ ಸಾಲು, ಕೊನೆಯದು ಮಂಜಿನಲ್ಲಿ ಅರ್ಧ ಕರಗಿದೆ. ಸೂರ್ಯ ಇಲ್ಲ, ಪೂರ್ತಿ ಮೋಡ. ಇದು ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೈಲ್. ನಿಮ್ಮ ಕ್ಯಾಮೆರಾದಲ್ಲಿ ರಾ ಇದ್ದರೆ ದಯವಿಟ್ಟು ಅದರಲ್ಲೇ ತೆಗೆಯಿರಿ. ಜೇಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ ಇರುತ್ತವೆ. 14 ಬಿಟ್‌ನ ರಾ ಫೈಲ್‌ನಲ್ಲಿ 16,384. ಮಂಜು ಮತ್ತು ಆಕಾಶದಲ್ಲಿ ಬಣ್ಣ ಬಹಳ ನಿಧಾನವಾಗಿ ಬದಲಾಗುತ್ತದೆ. ಅಲ್ಲಿ ಮೆಟ್ಟಿಲು ಸಾಲದಿದ್ದರೆ ಪಟ್ಟೆ ಪಟ್ಟೆಯಾಗಿ ಒಡೆದು ಕಾಣುತ್ತದೆ.

ಮೊದಲ ಕೆಲಸ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಸರಿದೂಗಿಸಿ ಬಿಳಿಯನ್ನು ಬಿಳಿಯಾಗಿಸುವುದು. ಹಾಡುವ ಮೊದಲು ಶ್ರುತಿ ಸೇರಿಸಿಕೊಳ್ಳುವ ಹಾಗೆ ಇದು. ಇಲ್ಲಿ ತಪ್ಪಿದರೆ ಮುಂದೆ ಏನು ಮಾಡಿದರೂ ಅಪಸ್ವರವೇ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಮಧ್ಯಾಹ್ನದ ಬಿಸಿಲು ಸುಮಾರು 5500 ಕೆಲ್ವಿನ್, ಮೋಡದ ದಿನ 6500ರ ಆಸುಪಾಸು, ನೆರಳಿನಲ್ಲಿ ಇನ್ನೂ ಜಾಸ್ತಿ. ಈ ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಆದರೆ ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಸಂಖ್ಯೆ ಏರಿಸಿದರೆ ಚಿತ್ರ ಹಳದಿಯಾಗುತ್ತದೆ. ಯಾಕೆಂದರೆ ಬೆಳಕು ಅಷ್ಟು ನೀಲಿ ಇತ್ತು ಅಂತ ನೀವು ಹೇಳಿದಿರಿ, ಅದನ್ನು ಸರಿದೂಗಿಸಲು ಸಾಫ್ಟ್‌ವೇರ್ ಹಳದಿ ಸೇರಿಸಿತು. ಇದೊಂದು ತಲೆಯಲ್ಲಿದ್ದರೆ ಗೊಂದಲ ಇರುವುದಿಲ್ಲ.

ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ನಮ್ಮ ಮಲೆನಾಡಿನಲ್ಲಿ ಒಂದು ತೊಂದರೆ ಮಾಡುತ್ತದೆ. ಚೌಕಟ್ಟಿನ ತುಂಬ ಹಸಿರೇ ಇದ್ದರೆ ಹಸಿರು ಜಾಸ್ತಿಯಾಯಿತು ಅಂದುಕೊಂಡು ಅದರ ಎದುರು ಬಣ್ಣವಾದ ಮಜೆಂಟಾ (ಗುಲಾಬಿನೇರಳೆ) ಸೇರಿಸುತ್ತದೆ. ಆಗ ಮಂಜಿಗೆ ತೆಳುವಾದ ಗುಲಾಬಿ ಛಾಯೆ ಬರುತ್ತದೆ. ಇಲ್ಲೇ ನೋಡಿ, ಕಣಿವೆಯ ಮಂಜು. ಟಿಂಟ್ ಸ್ಲೈಡರ್ ಸ್ವಲ್ಪ ಹಸಿರಿನ ಕಡೆಗೆ ಎಳೆದೆ. ಗುಲಾಬಿ ಹೋಯಿತು, ತೇವ ಬಂತು. ಬೇರೇನೂ ಮುಟ್ಟಿಲ್ಲ.

ಇನ್ನು ಹಸಿರು. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಯಾಕೆಂದರೆ ನಮ್ಮ ನಾಡಿನ ಚಿತ್ರಗಳ ಜೀವ ಇಲ್ಲೇ ಇದೆ. ನಮಗೆ ಹಸಿರಾಗಿ ಕಾಣುವ ಹುಲ್ಲಿನಲ್ಲಿ ಹಳದಿಯ ಪಾಲು ದೊಡ್ಡದು. ಎಚ್‌ಎಸ್‌ಎಲ್ ಪಟ್ಟಿಯಲ್ಲಿ ಒಂದೊಂದು ಬಣ್ಣದ ಹ್ಯೂ (ಛಾಯೆ), ಸ್ಯಾಚುರೇಶನ್ (ಗಾಢತೆ), ಲ್ಯೂಮಿನೆನ್ಸ್ (ಬೆಳಕು) ಬೇರೆ ಬೇರೆ ಬದಲಿಸಬಹುದು. ಅದನ್ನು ತೆರೆದು ಹಸಿರಿನ ಸ್ಯಾಚುರೇಶನ್ ಪೂರ್ತಿ ಇಳಿಸಿ ನೋಡಿ. ಮುಂದಿನ ಹುಲ್ಲಿನ ಬಣ್ಣ ಹೆಚ್ಚೇನೂ ಹೋಗಲಿಲ್ಲ. ಈಗ ಹಸಿರನ್ನು ಮೊದಲಿನ ಜಾಗಕ್ಕೆ ತಂದು ಹಳದಿ ಇಳಿಸುತ್ತೇನೆ. ಹುಲ್ಲೆಲ್ಲ ಬೂದಿಯಾಯಿತು. ಕಣಿವೆಯ ಶೋಲಾ ಕಾಡು ಮಾತ್ರ ಹಾಗೇ ಉಳಿಯಿತು, ಅದು ನಿಜಕ್ಕೂ ಹಸಿರಿನ ಸ್ಲೈಡರಿನಲ್ಲಿದೆ. ಅಂದರೆ ಹುಲ್ಲನ್ನೂ ಕಾಡನ್ನೂ ಬೇರೆ ಬೇರೆಯಾಗಿ ಹಿಡಿಯುವ ಎರಡು ಹಿಡಿಕೆಗಳು ಮೊದಲೇ ನಿಮ್ಮ ಕೈಯಲ್ಲಿವೆ.

ನೀವು ಕಳಿಸಿದ ಚಿತ್ರಗಳಲ್ಲಿ ಎಲ್ಲ ಹಸಿರೂ ಒಂದಾಗಲು ಕಾರಣವೂ ಇದೇ. ಹುಲ್ಲು ಹಳದಿಯಾಗಿ ಕಂಡಿತು ಅಂತ ಹಳದಿಯ ಹ್ಯೂ ಸ್ಲೈಡರನ್ನು ಹಸಿರಿನ ಕಡೆಗೆ ಎಳೆದಿದ್ದೀರಿ. ಆಮೇಲೆ ಎರಡರ ಸ್ಯಾಚುರೇಶನ್ನೂ ಏರಿಸಿದ್ದೀರಿ. ಹುಲ್ಲು ಹೋಗಿ ಕಾಡಿನ ಬಣ್ಣದಲ್ಲಿ ಸೇರಿಕೊಂಡಿತು. ನಾನು ಇದರ ಉಲ್ಟಾ ಮಾಡುತ್ತೇನೆ. ಹಳದಿಯ ಹ್ಯೂ ಇದ್ದಲ್ಲೇ ಇರಲಿ, ಅಥವಾ ಒಂದು ಕೂದಲೆಳೆಯಷ್ಟು ಕಿತ್ತಳೆಯ ಕಡೆಗೆ ಹೋಗಲಿ. ಹಳದಿಯ ಸ್ಯಾಚುರೇಶನ್ ಹತ್ತು ಹದಿನೈದು ಇಳಿಸುತ್ತೇನೆ. ಹಸಿರಿನ ಹ್ಯೂ ಸ್ವಲ್ಪ ನೀಲಿಯ ಕಡೆಗೆ, ಲ್ಯೂಮಿನೆನ್ಸ್ ಕೆಳಗೆ. ಕಾಡು ಕಪ್ಪಗೆ, ತಣ್ಣಗೆ ಕಣಿವೆಯೊಳಗೆ ಕೂತಿತು. ಹುಲ್ಲು ಎಳೆಯದಾಗಿ, ಬೆಳಕಾಗಿ ಮೇಲೆ ಬಂತು. ಬಣ್ಣ ಒಟ್ಟಾರೆ ಕಡಿಮೆಯಾಗಿದೆ. ಆದರೂ ಚಿತ್ರ ಮೊದಲಿಗಿಂತ ಹಸಿರಾಗಿ ಕಾಣುತ್ತಿದೆ ಅಲ್ವಾ? ನಮ್ಮ ಕಣ್ಣು ಬಣ್ಣವನ್ನು ಪಕ್ಕದ ಬಣ್ಣದ ಜೊತೆ ಹೋಲಿಸಿ ನೋಡುತ್ತದೆ. ಒಂದನ್ನು ತಗ್ಗಿಸಿದರೆ ಇನ್ನೊಂದು ತಾನೇ ಏಳುತ್ತದೆ.

ಊರು, ತಿಂಗಳು ನೋಡಿ ಹಸಿರು ಹಾಕಬೇಕು. ನಾಟಿ ಮಾಡಿದ ಹೊಸ ಗದ್ದೆ ಗಿಳಿಹಸಿರು. ಅದರ ಅಂಚಿನ ಅಡಿಕೆ ತೋಟ ಕಡುಹಸಿರು, ಮಾಗಿದ ಸೋಗೆಯ ಕಂದು ಅಲ್ಲಲ್ಲಿ. ನವೆಂಬರ್ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದನ್ನು ಹಸಿರು ಮಾಡಲು ಹೊರಟವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಘಟ್ಟದ ಕಾಡು ಚಿಗುರುವಾಗ ನಾಗಸಂಪಿಗೆಯಂಥ ಮರಗಳ ಚಿಗುರು ಕೆಂಪಗಿರುತ್ತದೆ, ಮಾವಿನದು ತಾಮ್ರದ ಬಣ್ಣ. ಹಸಿರನ್ನು ಒತ್ತಿ ಏರಿಸಿದರೆ ಈ ಕೆಂಪು ಮೊದಲು ಸಾಯುತ್ತದೆ.

ಒಂದು ವಿಷಯಕ್ಕೆ ಎಡಿಟಿಂಗ್‌ನಲ್ಲಿ ಪರಿಹಾರವಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಳೆಯಲ್ಲಿ ನೆನೆದ ಎಲೆ ಬಿಳಿ ಆಕಾಶವನ್ನು ಪ್ರತಿಫಲಿಸುತ್ತದೆ. ಆ ಹೊಳಪಿನ ಕೆಳಗೆ ಹಸಿರು ಮುಚ್ಚಿಹೋಗುತ್ತದೆ. ಆಗ ಸ್ಯಾಚುರೇಶನ್ ಎಷ್ಟು ಏರಿಸಿದರೂ ಬೂದಿಯ ಮೇಲೆ ಬಣ್ಣ ಬಳಿದ ಹಾಗೆ ಆಗುತ್ತದೆ. ಲೆನ್ಸ್ ಮುಂದೆ ಪೋಲರೈಸರ್, ಅಂದರೆ ಪ್ರತಿಫಲನ ತಗ್ಗಿಸುವ ಫಿಲ್ಟರ್, ಹಾಕಿ ತಿರುಗಿಸಿ. ಮೋಡದ ದಿನವೂ ಅದು ಕೆಲಸ ಮಾಡುತ್ತದೆ. ಒಂದೂವರೆ, ಎರಡು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡು ಪಟ್ಟು), ಹೋಗಲಿ. ನೀಲಿ ಆಕಾಶಕ್ಕೆ ಅಂತ ಕೊಂಡ ಪೋಲರೈಸರ್ ನಮ್ಮಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಜುಲೈನಲ್ಲಿ.

ಈಗ ಹಿಂದಿನ ಗುಡ್ಡಗಳನ್ನು ನೋಡಿ. ದೂರ ಹೋದಷ್ಟೂ ಗುಡ್ಡ ತಿಳಿಯಾಗುತ್ತದೆ, ನೀಲಿಯಾಗುತ್ತದೆ. ನಡುವಿನ ಗಾಳಿ ನೀಲಿ ಬೆಳಕನ್ನು ಉಳಿದವಕ್ಕಿಂತ ಹೆಚ್ಚು ಚದುರಿಸುವುದರಿಂದ ಹೀಗೆ. ಮಂಜಿನದು ಬೇರೆ ಲೆಕ್ಕ. ಅದರ ಹನಿಗಳು ದೊಡ್ಡವು, ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ, ಅದಕ್ಕೇ ಬಿಳಿ. ಬಯಲುಸೀಮೆಯ ಏಪ್ರಿಲ್ ತಿಂಗಳ ಧೂಳು ಮಣ್ಣಿನ ಹಳದಿ ಹೊತ್ತಿರುತ್ತದೆ. ನೀಲಿ, ಬಿಳಿ, ಹಳದಿ, ಮೂರೂ ಗಾಳಿಯ ಬಣ್ಣಗಳೇ. ಚಿತ್ರ ತೆರೆದ ಕೂಡಲೇ ಕೇಳಿಕೊಳ್ಳಿ, ಇವತ್ತಿನ ಗಾಳಿ ಯಾವುದು?

ಲೈಟ್‌ರೂಮ್‌ಗೆ 2015ರಲ್ಲಿ ಮಬ್ಬು ತೆಗೆಯುವ ಡೀಹೇಜ್ ಸ್ಲೈಡರ್ ಬಂತು. ಒಳ್ಳೆಯ ಉಪಕರಣ, ವಿಮಾನದ ಕಿಟಕಿಯಿಂದ ತೆಗೆದ ಚಿತ್ರಕ್ಕೆ ಬಹಳ ಉಪಯೋಗ. ಆದರೆ ಈ ಚಿತ್ರದ ಮೇಲೆ ಪೂರ್ತಿಯಾಗಿ ಹಾಕುತ್ತೇನೆ ನೋಡಿ. ಕೊನೆಯ ಗುಡ್ಡ ಎದ್ದು ಮುಂದೆ ಬಂತು. ಐದಾರು ಕಿಲೋಮೀಟರ್ ಆಚೆ ಇದ್ದದ್ದು ಪಕ್ಕದಲ್ಲೇ ನಿಂತ ಹಾಗಾಯಿತು. ಕಣಿವೆಯ ಆಳ ಹೋಯಿತು, ಚಳಿ ಹೋಯಿತು. ಗುಡ್ಡದ ಗೆರೆಗಳೆಲ್ಲ ಸ್ಪಷ್ಟವಾದವು, ಆದರೆ ಅಲ್ಲಿ ನಿಂತಾಗ ನಮಗೆ ಅವು ಕಂಡಿರಲೇ ಇಲ್ಲ.

ನಾನು ಮಾಡುವುದು ಹೀಗೆ. ಗ್ರೇಡಿಯಂಟ್ ಮಾಸ್ಕ್ (ಚಿತ್ರದ ಒಂದು ಭಾಗಕ್ಕೆ ಮಾತ್ರ ಬದಲಾವಣೆ ತಾಗಿಸುವ ಸಾಧನ) ಎಳೆದು ಮುಂದಿನ ಹುಲ್ಲಿಗೆ ಮಾತ್ರ ಸ್ವಲ್ಪ ಕಾಂಟ್ರಾಸ್ಟ್, ಸ್ವಲ್ಪ ಟೆಕ್ಸ್ಚರ್. ನಡುವಿನ ಕಾಡಿಗೆ ಏನೂ ಬೇಡ. ಹಿಂದಿನ ಗುಡ್ಡಗಳಿಗೆ ಡೀಹೇಜ್ ಮೈನಸ್ ಐದು, ಹೆಚ್ಚೆಂದರೆ ಹತ್ತು. ಹೌದು, ಮೈನಸ್. ಇದ್ದ ಮಂಜಿಗೆ ಇನ್ನೂ ಚೂರು ಮಂಜು. ಒಂದೊಂದು ಸಾಲೂ ಅದರದರ ದೂರಕ್ಕೆ ಹೋಗಿ ನಿಂತಿತು.

ಮಂಜಿನ ಚಿತ್ರದಲ್ಲಿ ಹಿಸ್ಟೋಗ್ರಾಮ್ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಕಂಡು ಹೆದರುವವರಿದ್ದಾರೆ. ನಡುವೆ ಗುಡ್ಡೆ ಹಾಕಿಕೊಂಡಿರುತ್ತದೆ, ಎಡಕ್ಕೂ ಬಲಕ್ಕೂ ಖಾಲಿ. ಆಟೋ ಬಟನ್ ಒತ್ತಿದರೆ ಅದನ್ನು ಎರಡೂ ತುದಿಗೆ ಎಳೆಯುತ್ತದೆ. ಎಳೆಯಬೇಡಿ. ಮಂಜಿನಲ್ಲಿ ಪೂರ್ತಿ ಕಪ್ಪು ಅನ್ನುವುದು ಇರುವುದೇ ಇಲ್ಲ, ತೀರಾ ಹತ್ತಿರದ ಮರದ ಬೊಡ್ಡೆಯಲ್ಲಿ ಬಿಟ್ಟರೆ. ಮಾಡಬೇಕಾದದ್ದು ಎಕ್ಸ್‌ಪೋಶರ್ ಸ್ವಲ್ಪ ಏರಿಸುವುದು. ಕ್ಯಾಮೆರಾದ ಮೀಟರ್ ಬಿಳಿಯನ್ನು ಬೂದು ಮಾಡುತ್ತದೆ, ಹಾಗಾಗಿ ಮಂಜು ಯಾವಾಗಲೂ ಮಂಕಾಗಿಯೇ ಬರುತ್ತದೆ. ಅರ್ಧದಿಂದ ಒಂದು ಸ್ಟಾಪ್ ಮೇಲೆ ತಂದರೆ ಒಳಗಿಂದ ಬೆಳಕು ಬಂದ ಹಾಗೆ ಆಗುತ್ತದೆ.

ಇದನ್ನು ಕಲಿಯಲು ಯೂಟ್ಯೂಬ್‌ಗಿಂತ ಒಳ್ಳೆಯ ಜಾಗ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದವರು. ಊಟಿಯನ್ನು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಜಲವರ್ಣದಲ್ಲಿ ಬರೆದರು. ಅವುಗಳ ಮುಂದೆ ನಿಂತು ದೂರದ ಗುಡ್ಡಕ್ಕೆ ಅವರು ಎಷ್ಟು ಕಡಿಮೆ ಬಣ್ಣ ಹಾಕಿದ್ದಾರೆ ನೋಡಿ. ಎಷ್ಟೋ ಕಡೆ ಕಾಗದದ ಬಿಳಿಯೇ ಮಂಜಿನ ಕೆಲಸ ಮಾಡುತ್ತದೆ. ಹಾಗಂತ ತೆಳು ಬಣ್ಣವೇ ಶ್ರೇಷ್ಠ ಅಂತ ನಾನು ಹೇಳುತ್ತಿಲ್ಲ. ಕಲಾವಿದ ರುಮಾಲೆ ಚನ್ನಬಸವಯ್ಯನವರು ಬರೆದ ಬೆಂಗಳೂರಿನ ಹೂಮರಗಳನ್ನು ನೋಡಿ. ಬಣ್ಣ ಉಕ್ಕಿ ಹರಿಯುತ್ತದೆ. ಆದರೆ ಅದು ನಮ್ಮ ಬೇಸಿಗೆಯ ಬಿಸಿಲಲ್ಲಿ ಹೂಬಿಟ್ಟ ಮರದ ಬಣ್ಣ. ಬಿಸಿಲು ಅಷ್ಟು ಪ್ರಖರ, ಹೂವು ಅಷ್ಟು ದಟ್ಟ, ಹಾಗಾಗಿ ಅಷ್ಟು ಬಣ್ಣ ಸಲ್ಲುತ್ತದೆ. ಇಬ್ಬರೂ ತಮ್ಮ ಮುಂದಿದ್ದ ಹವೆಗೆ ನಿಷ್ಠರಾಗಿದ್ದರು. ವೆಂಕಟಪ್ಪನವರ ಮಂಜಿಗೆ ರುಮಾಲೆಯವರ ಬಣ್ಣ ಹಾಕಿದರೆ ಎರಡೂ ಕೆಡುತ್ತವೆ, ನಾವು ಎಷ್ಟೋ ಸಲ ಅದನ್ನೇ ಮಾಡುತ್ತಿದ್ದೇವೆ.

ಸಂಜೆಯ ಬೆಳಕಿಗೆ ಬರೋಣ. ಇದು ಹಂಪಿ, ಡಿಸೆಂಬರ್, ಮಾತಂಗ ಬೆಟ್ಟದ ಮೇಲಿಂದ. ಬಂಡೆಗಳಿಗೆ ಹೊಂಬಿಸಿಲು ಬಿದ್ದಿದೆ. ಇಂಥ ಚಿತ್ರ ಸಿಕ್ಕಾಗ ಎಲ್ಲರೂ ಮಾಡುವುದು ಟೆಂಪರೇಚರ್ ಸ್ಲೈಡರನ್ನು, ಅಂದರೆ ಆಗ ಹೇಳಿದ ಕೆಲ್ವಿನ್ ಸಂಖ್ಯೆಯನ್ನು, ಬಲಕ್ಕೆ ಎಳೆಯುವುದು. ಬಂಡೆಯೂ ಹಳದಿ, ನೆರಳೂ ಹಳದಿ, ಆಕಾಶವೂ ಹಳದಿ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಎರಡು ಬೆಳಕುಗಳಿವೆ. ಒಂದು ಸೂರ್ಯನದು. ಗಾಳಿಯಲ್ಲಿ ದೂರ ಹಾದು ಬರುವಾಗ ನೀಲಿಯನ್ನೆಲ್ಲ ಕಳೆದುಕೊಂಡು ಕೆಂಪಾಗಿದೆ. ಇನ್ನೊಂದು ತಲೆಯ ಮೇಲಿನ ನೀಲಿ ಆಕಾಶದ್ದು. ಬಂಡೆಯ ನೆರಳಿನ ಮಗ್ಗುಲಿಗೆ ಬೆಳಕು ಕೊಡುವುದು ಅದು. ಹಾಗಾಗಿ ನೆರಳು ನೀಲಿಯಾಗಿಯೇ ಇರಬೇಕು. ಆ ನೀಲಿ ಪಕ್ಕದಲ್ಲಿದ್ದರೆ ಮಾತ್ರ ಬಿಸಿಲು ಹೊನ್ನಾಗಿ ಕಾಣುತ್ತದೆ. ಟೆಂಪರೇಚರ್ ಇದ್ದಲ್ಲೇ ಬಿಟ್ಟು, ಬಿಸಿಲು ಬಿದ್ದ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಅಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ. ಕಲರ್ ಗ್ರೇಡಿಂಗ್ ಚಕ್ರಗಳಲ್ಲಿ ಹೈಲೈಟ್‌ಗೆ (ಬೆಳಕು ಹೆಚ್ಚಿರುವ ಭಾಗಕ್ಕೆ) ಚೂರು ಕಿತ್ತಳೆ ಕೊಟ್ಟರೂ ಆಯಿತು.

ಈ ಎರಡು ಬೆಳಕಿನ ಲೆಕ್ಕ ಗೊತ್ತಿದ್ದರೆ ಫೋನಿನಲ್ಲಿ ಸಿಗುವ ಕಿತ್ತಳೆ ಮತ್ತು ಕಡಲನೀಲಿಯ ಪ್ರಿಸೆಟ್ (ಸಿದ್ಧ ಎಡಿಟ್) ಯಾವಾಗ ಸರಿ, ಯಾವಾಗ ತಪ್ಪು ಅನ್ನುವುದೂ ಗೊತ್ತಾಗುತ್ತದೆ. ಹಂಪಿಯ ಸಂಜೆಗೆ ಅದು ಒಂದು ಮಟ್ಟಿಗೆ ಹೊಂದುತ್ತದೆ. ಮೋಡ ಮುಚ್ಚಿದ ಆಗುಂಬೆಗೆ ಹೊಂದುವುದಿಲ್ಲ. ಅಲ್ಲಿ ಇರುವುದು ಒಂದೇ ಬೆಳಕು, ಮೋಡದ್ದು. ಕಿತ್ತಳೆ ಕೊಡಲು ಸೂರ್ಯನೇ ಇಲ್ಲ.

ಸೂರ್ಯ ಮುಳುಗಿದ ಮೇಲೆ ಒಮ್ಮೆ ಪೂರ್ವಕ್ಕೆ ತಿರುಗಿ. ಕೆಳಗೆ ಬೂದುನೀಲಿಯ ಪಟ್ಟಿ, ಅದರ ಮೇಲೆ ತೆಳು ಗುಲಾಬಿ. ಬೂದುನೀಲಿ ಅನ್ನುವುದು ಭೂಮಿಯದೇ ನೆರಳು, ಗಾಳಿಯ ಮೇಲೆ ಬಿದ್ದಿರುತ್ತದೆ. ಮುಳ್ಳಯ್ಯನಗಿರಿಯಂಥ ಎತ್ತರದಿಂದ ಬಹಳ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಪಶ್ಚಿಮಕ್ಕೇ ಮುಖ ಮಾಡಿ ನಿಂತಿರುತ್ತಾರೆ. ಈ ಬಣ್ಣಗಳಿಗೆ ಸ್ಯಾಚುರೇಶನ್ ಬೇಡ. ವೈಬ್ರೆನ್ಸ್ ಐದೋ ಎಂಟೋ ಸಾಕು. ವೈಬ್ರೆನ್ಸ್ ಮೊದಲೇ ಗಾಢವಾಗಿರುವ ಬಣ್ಣವನ್ನು ಅಷ್ಟಾಗಿ ಮುಟ್ಟದೆ ತೆಳು ಬಣ್ಣಗಳನ್ನು ಎತ್ತುತ್ತದೆ.

ನೀಲಕುರಿಂಜಿಯ ಬಗ್ಗೆ ಹಲವರು ಕೇಳಿದ್ದೀರಿ. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಅರಳಿತಲ್ಲ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂವು. ಆಗ ಬಂದ ಚಿತ್ರಗಳಲ್ಲಿ ಎಷ್ಟೋ ಕಡೆ ಹೂವು ಕಡುನೇರಳೆ, ಹಿಂದಿನ ಗುಡ್ಡ ಶಾಯಿಯ ಬಣ್ಣ. ಕಾರಣ ಸರಳ. ಹೂವಿಗೆ ಅಂತ ನೀಲಿ ಏರಿಸಿದರೆ ಆಕಾಶವೂ ದೂರದ ಗುಡ್ಡವೂ ಅದೇ ಸ್ಲೈಡರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲದೆ ನೀಲಿಗೂ ನೇರಳೆಗೂ ನಡುವಿನ ಹೂಬಣ್ಣಗಳನ್ನು ಕ್ಯಾಮೆರಾಗಳು ಸರಿಯಾಗಿ ಹಿಡಿಯುವುದು ಕಷ್ಟ. ಹೂವಿನ ಇಳಿಜಾರಿಗೆ ಮಾತ್ರ ಮಾಸ್ಕ್ ಹಾಕಿ, ಹ್ಯೂ ಸರಿ ಮಾಡಿ, ಸ್ಯಾಚುರೇಶನ್ ಕೊನೆಗೆ ನೋಡಿ. ಹತ್ತಿರದಿಂದ ನೋಡಿದರೆ ಆ ಹೂವು ತಿಳಿ. ಗುಡ್ಡ ನೀಲಿಯಾಗುವುದು ಅಷ್ಟು ಹೂವು ಒಟ್ಟಿಗೆ ಇರುವುದರಿಂದ. ಕರಾವಳಿಯ ಕೆಂಪು ಮಣ್ಣಿಗೂ ಇದೇ ಮಾತು. ಮಣ್ಣು, ಮುರಕಲ್ಲು, ಮನುಷ್ಯರ ಮೈಬಣ್ಣ ಮೂರೂ ಕಿತ್ತಳೆಯಲ್ಲಿರುತ್ತವೆ. ಮಣ್ಣಿಗೆ ಏರಿಸಿದರೆ ದಾರಿಯಲ್ಲಿ ನಡೆಯುತ್ತಿರುವ ಅಜ್ಜಿಯ ಮುಖವೂ ಇಟ್ಟಿಗೆಯಾಗುತ್ತದೆ.

ಮಾತು ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಲೈಟ್‌ರೂಮ್‌ಗೆ ಹಣ ಕೊಡಲು ಆಗದವರು ಏನು ಮಾಡಬೇಕು ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದರು. ಕಂಪ್ಯೂಟರ್ ಇದ್ದರೆ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಉಚಿತ, ಅದರಲ್ಲಿ ಸೆಲೆಕ್ಟಿವ್ ಅನ್ನುವ ಆಯ್ಕೆ ಇದೆ. ಒಂದು ಜಾಗ ಮುಟ್ಟಿ ಅಲ್ಲಿನ ಬೆಳಕು, ಬಣ್ಣ ಮಾತ್ರ ಬದಲಿಸಬಹುದು. ಇವತ್ತು ಹೇಳಿದ್ದರಲ್ಲಿ ಬಹುಪಾಲು ಇವುಗಳಲ್ಲೇ ಆಗುತ್ತದೆ.

ಆಕಾಶವನ್ನೇ ಬದಲಿಸುವ ಬಗ್ಗೆ ಇನ್ನೊಬ್ಬರು ಕೇಳಿದರು. ಸ್ಪರ್ಧೆಗೆ ಕಳಿಸುವುದಾದರೆ ನಿಯಮ ಸ್ಪಷ್ಟ. ಎಫ್‌ಐಎಪಿ (ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ), ಪಿಎಸ್‌ಎ (ಅಮೆರಿಕದ ಛಾಯಾಗ್ರಹಣ ಸಂಘ) ಮನ್ನಣೆಯ ಸ್ಪರ್ಧೆಗಳ ನೇಚರ್ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಕ್ರಾಪ್ ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ. ಸ್ಪರ್ಧೆಯ ಮಾತು ಬಿಡಿ, ನನ್ನ ಕಾರಣ ಬೇರೆ. ನೆಲದ ಮೇಲೆ ಬಿದ್ದ ಬೆಳಕು ಆ ಆಕಾಶದಿಂದ ಬಂದದ್ದು. ಆಕಾಶ ಬದಲಿಸಿದರೆ ಹುಲ್ಲು, ಬಂಡೆ, ಕೆರೆ ಎಲ್ಲವೂ ಇನ್ನೊಂದು ಆಕಾಶದ ಬೆಳಕಿನಲ್ಲಿ ಉಳಿದುಬಿಡುತ್ತವೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರದಿದ್ದರೂ ಕಣ್ಣು ಒಪ್ಪುವುದಿಲ್ಲ.

ಪ್ರಿಂಟ್ ಯಾಕೆ ಕಪ್ಪಾಗಿ ಬರುತ್ತದೆ ಅನ್ನುವುದು ಹಲವರ ದೂರು. ಪರದೆ ತಾನೇ ಬೆಳಕು ಚೆಲ್ಲುತ್ತದೆ, ಕಾಗದಕ್ಕೆ ಆ ಶಕ್ತಿ ಇಲ್ಲ. ರಾತ್ರಿ ಕತ್ತಲೆ ಕೋಣೆಯಲ್ಲಿ ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದರೆ ಚಿತ್ರ ಕಪ್ಪಾಗಿಯೇ ಬರುತ್ತದೆ. ಪರದೆಯ ಬೆಳಕನ್ನು ಕೋಣೆಯ ಬೆಳಕಿಗೆ ಹೊಂದುವಷ್ಟು ಇಳಿಸಿ. ಫೋನಿನ ವಿವಿಡ್ ಮೋಡ್ ತೆಗೆದು ನ್ಯಾಚುರಲ್ ಇಡಿ, ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಆಯ್ಕೆ ಆಫ್ ಮಾಡಿ. ಒಂದು ಹದಕ್ಕೆ ಬಂದ ಮೇಲೆ ಎದ್ದು ಹೊರಗೆ ಓಡಾಡಿ ಬನ್ನಿ. ಕಣ್ಣು ಬಣ್ಣಕ್ಕೆ ಬೇಗ ಒಗ್ಗಿಹೋಗುತ್ತದೆ, ವಾಪಸ್ ಬಂದು ನೋಡಿದಾಗಲೇ ಜಾಸ್ತಿಯಾದದ್ದು ತಿಳಿಯುವುದು. ಲ್ಯಾಬ್‌ಗೆ ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳು ಬಳಸುವ ಬಣ್ಣದ ಮಾನದಂಡ) ಫೈಲ್ ಕೊಡಿ, ಬೇರೆ ಏನಾದರೂ ಬೇಕೆಂದು ಅವರೇ ಹೇಳಿದರೆ ಮಾತ್ರ ಬದಲಿಸಿ. ದೊಡ್ಡ ಪ್ರಿಂಟ್‌ಗೆ ಮೊದಲು ಅದೇ ಕಾಗದದಲ್ಲಿ ಒಂದು ಚಿಕ್ಕ ಪ್ರಿಂಟ್ ತೆಗೆಸಿ. ಅದನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಬೇಡಿ. ಮನೆಗೆ ತಂದು, ಚಿತ್ರ ಯಾವ ಗೋಡೆಗೆ ಹೋಗುತ್ತದೋ ಅಲ್ಲೇ ಇಟ್ಟು, ಹಗಲಲ್ಲಿ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಿ, ಆಮೇಲೆ ದೊಡ್ಡದಕ್ಕೆ ಹಣ ಕಟ್ಟಿ.